ತುಮಕೂರಲ್ಲಿ ಎಸೆದದ್ದು ಗುಬ್ಬಿಯಲ್ಲಿ

ಶಿವಮೂರ್ತಿ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಟವೆಲ್ ಎಸೆದರೆ ಅದು ಗುಬ್ಬಿಯಲ್ಲಿ ನಿಂತ ಬಸ್ಸಿನ ಕಿಟಕಿ ಸೀಟಿಗೆ ಹೋಗಿ ಬೀಳುತ್ತಿತ್ತು. ಅದೂ ಮಡಿಕೆ ಕೆಡದೆ. ಹಾಗೆಂದು ಹೇಳುತ್ತಿದ್ದವನು ಶಿವಮೂರ್ತಿ ಒಬ್ಬನೇ. ಅವನು ಕೆಲಸ ಮಾಡುವ ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ನುಗಳೂ ಈ ಮಾತು ಕೇಳಿ ಕೇಳಿ ಸವೆದುಹೋಗಿದ್ದವು.

ಆ ಭಾನುವಾರ ಅವನು ಕುಣಿಗಲ್ಲಿನ ಅಕ್ಕನ ಮನೆಗೆ ಹೊರಟಿದ್ದ. ಸ್ಟ್ಯಾಂಡಿನಲ್ಲಿ ಜನವೋ ಜನ. ಅರ್ಧ ಭೂಮಂಡಲವೇ ಕುಣಿಗಲ್ ಬಸ್ಸಿಗೆ ಕಾದು ನಿಂತಂತಿತ್ತು. ಪಕ್ಕದಲ್ಲಿ ಊರಿಗೆ ಹೊಸಬಳೆಂದು ನೋಡಿದೊಡನೆ ತಿಳಿಯುವ ಹೆಂಗಸೊಬ್ಬಳು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹೆಸರು ಕೌಸಲ್ಯ, ದಾವಣಗೆರೆಯಿಂದ ರೈಲಿನಲ್ಲಿ ಬಂದವಳು.

"ಕುಣಿಗಲ್ ಬಸ್ಸಲ್ಲಿ ಸೀಟ್ ಸಿಗುತ್ತಾ?" ಎಂದು ಅವಳು ಕೇಳಿದ್ದೇ ತಪ್ಪಾಯಿತು.

"ಸೀಟಾ? ಡ್ರೈವರ್ ಸೀಟೇ ಬೇಕಂದ್ರೂ ಕೊಡಿಸ್ತೀನಿ ಬುಡಿ! ಕಣ್ ಮುಚ್ಕೊಂಡು ಎಸಿತೀನಿ, ನೋಡ್ತಿರಿ."

ಅಷ್ಟರಲ್ಲಿ ಒಂದು ಖಾಸಗಿ ಬಸ್ಸು ತಿರುಗಿ ಬಂತು. ಜನ ನುಗ್ಗಿದರು. ಶಿವಮೂರ್ತಿಯ ಕೈ ಹೆಗಲಿಗೆ ಹೋಯಿತು. ಟವೆಲ್ ಇರಲಿಲ್ಲ, ಅದು ಮನೆಯ ತಂತಿಯ ಮೇಲೆ ಒಣಗುತ್ತಿತ್ತು. ಕೌಸಲ್ಯ ಮಾತ್ರ ಅವನನ್ನೇ ನೋಡುತ್ತಿದ್ದಳು. ಇನ್ನೇನು ಮಾಡುವುದು? ಅವಳ ಚೀಲವನ್ನೇ ಕಿತ್ತುಕೊಂಡು, ಕಣ್ಣು ಮುಚ್ಚಿ, ಕಿಟಕಿಯೊಳಕ್ಕೆ ಎಸೆದ.

ಒಳಗೆ ಠಣ್ ಎಂದಿತು.

"ಅಯ್ಯೋ! ಅದರಲ್ಲಿ ನಮ್ಮಪ್ಪ ಇದಾರೆ!"

ಚೀಲದಲ್ಲಿದ್ದದ್ದು ತಾಮ್ರದ ಕುಡಿಕೆ. ಕುಡಿಕೆಯಲ್ಲಿ ಅವಳ ತಂದೆಯ ಅಸ್ಥಿ. ನೆಲಕ್ಕೆ ಇಡಬಾರದೆಂದು ರೈಲಿನುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಕುಣಿಗಲ್ಲಿನಲ್ಲಿ ತಮ್ಮ ಪ್ರದ್ಯುಮ್ನ ಕಾರಿನೊಡನೆ ಕಾಯುತ್ತಿದ್ದ. ಹೊತ್ತು ಮುಳುಗುವುದರೊಳಗೆ ಇಬ್ಬರೂ ಶ್ರೀರಂಗಪಟ್ಟಣ ಸೇರಿ ಅದನ್ನು ಕಾವೇರಿಯಲ್ಲಿ ಬಿಡಬೇಕಿತ್ತು.

"ಗುಬ್ಬಿ, ಕಡಬ! ಗುಬ್ಬಿ, ಕಡಬ!" ಎಂದು ಕಂಡಕ್ಟರ್ ಕೂಗಿ ಸೀಟಿ ಊದಿದ.

ಅದು ಕುಣಿಗಲ್ ಬಸ್ಸೇ ಅಲ್ಲ. ಶಿವಮೂರ್ತಿ ಬಾಗಿಲಿಗೆ ಓಡಿದ, ಅಲ್ಲಿ ಜೋತುಬಿದ್ದವರ ಬೆನ್ನುಗಳು ಗೋಡೆಯಂತಿದ್ದವು. ಬಸ್ಸಿನ ಮೈಗೆ ಬಡಿದ, ಕೂಗಿದ. ಬಸ್ಸು ಹೊರಟೇಹೋಯಿತು.

ಸಿಕ್ಕ ಆಟೋದೊಳಗೆ ಇಬ್ಬರೂ ಹಾರಿ ಕುಳಿತರು. ಕೌಸಲ್ಯ ಬಯ್ಯಲಿಲ್ಲ, ಅಳಲಿಲ್ಲ. ಖಾಲಿ ತೋಳುಗಳನ್ನು ಇನ್ನೂ ಚೀಲವಿದ್ದಂತೆಯೇ ಮಡಚಿಕೊಂಡಿದ್ದಳು. ಅದನ್ನು ನೋಡಲಾರದೆ ಶಿವಮೂರ್ತಿ ಬಾಯಿಬಿಟ್ಟ. "ಬೋರ್ಡ್ ಬದಲಾಯಿಸ್ಬಿಟ್ರು ಕಣಮ್ಮ. ನಾನು ಎಸೆದಾಗ ಕುಣಿಗಲ್ ಅಂತಲೇ ಇತ್ತು. ದೇವರಾಣೆ!"

"ವಾರಸುದಾರರಿಲ್ಲದ ಚೀಲ ಕಂಡ್ರೆ ಏನ್ಮಾಡ್ತಾರೆ?" ಎಂದಳು ಅವಳು.

ಶಿವಮೂರ್ತಿಗೆ ಉತ್ತರ ಗೊತ್ತಿತ್ತು. ರಸ್ತೆ ಬದಿಗೆ ಎಸೆಯುತ್ತಾರೆ. ಅಲ್ಲಿಂದ ಗುಬ್ಬಿಯವರೆಗೆ ರಸ್ತೆಯ ಎಡಗಡೆ ಬಿದ್ದಿದ್ದ ಒಂದೊಂದು ಪ್ಲಾಸ್ಟಿಕ್ ಕವರನ್ನೂ ಅವನು ಕಣ್ಣು ಕೀಲಿಸಿ ನೋಡಿದ.

"ಯೋಚ್ನೆ ಮಾಡ್ಬೇಡಿ, ಪ್ರೈವೇಟ್ ಬಸ್ಸು. ಗುಬ್ಬೀಲಿ ಜನ ಇಳಿತಾರೆ, ಮತ್ತೆ ತುಂಬೋವರ್ಗೂ ಕದಲಲ್ಲ" ಎಂದ ಆಟೋದ ಅಡವಿಯಪ್ಪ.

ಆದರೆ ಭಾನುವಾರ ಬಸ್ಸು ಬೇಗ ತುಂಬಿತ್ತು. ಅವರು ಗುಬ್ಬಿ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಅದು ಕಡಬದ ಕಡೆಗೆ ಮೂತಿ ತಿರುಗಿಸಿ ಹೊರಟಿತ್ತು. ಅಡವಿಯಪ್ಪ ಆಟೋವನ್ನು ಅಡ್ಡ ನಿಲ್ಲಿಸಿದ. ಡ್ರೈವರ್ ಬೈದ ಬೈಗುಳಕ್ಕೆ ತೆಂಗಿನಮರದ ಕಾಯಿ ಉದುರಬೇಕಿತ್ತು. ಶಿವಮೂರ್ತಿ ಕಿವಿಗೆ ಹಾಕಿಕೊಳ್ಳದೆ ಹತ್ತಿ ಕಿಟಕಿ ಸೀಟಿಗೆ ಓಡಿದ. ಅಲ್ಲಿ ಯಾರೋ ಕಾಲು ಚಾಚಿ ನಿದ್ದೆ ಮಾಡುತ್ತಿದ್ದರು. ಚೀಲವಿರಲಿಲ್ಲ. ಕೌಸಲ್ಯ ಮೊಣಕಾಲೂರಿ ಸೀಟುಗಳ ಕೆಳಗೆ ಹುಡುಕತೊಡಗಿದಳು.

"ಇದನ್ನೇನವ್ವ ಹುಡುಕ್ತಿರೋದು?"

ಹಿಂದಿನ ಸೀಟಿನ ಅಜ್ಜಿ ನಿಂಗಮ್ಮ. ಚೀಲ ಅವಳ ತೊಡೆಯ ಮೇಲಿತ್ತು. "ಬಾಯಿ ಕಟ್ಟಿದ ಕುಡಿಕೆ ಅಂತ ಮುಟ್ಟಿದ್ರೇ ಗೊತ್ತಾಯ್ತು. ಕಂಡಕ್ಟ್ರು ಸೀಟಡೀಕ್ ತಳ್ಳಕ್ ಬಂದ, ಬುಡ್ಲಿಲ್ಲ ನಾನು. ನೆಲ ಮುಟ್ಟಿಲ್ಲ, ತಗೋ."

ಕೌಸಲ್ಯ ಚೀಲವನ್ನು ಎದೆಗೊತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಶಿವಮೂರ್ತಿಗೆ ಉಸಿರು ಮರಳಿತು. ಉಸಿರಿನ ಜೊತೆಗೆ ನಾಲಗೆಯೂ. "ಹೇಳ್ಲಿಲ್ವಾ, ಆ ಬೋರ್ಡ್ ಬದಲಾಯಿಸದೆ ಇದ್ದಿದ್ರೆ..."

"ಯಾವ ಬೋರ್ಡ್ಲಾ?" ಎಂದಳು ನಿಂಗಮ್ಮ. "ನಾನ್ ಹತ್ತಿದಾಗಿಂದ ಕಡಬದ ಬೋರ್ಡೇ ಐತೆ. ಕಣ್ ಮುಚ್ಕಂಡು ಎಸೆದವ್ನು ನೀನೇ ಅಲ್ವಾ? ಕಿಟಕೀಲಿ ನಾನೇ ನೋಡ್ತಿದ್ದೆ!"

ಬಸ್ಸು ನಕ್ಕಿತು. ಕೌಸಲ್ಯ ನಗಲಿಲ್ಲ.

ತುಮಕೂರಿಗೆ ಮರಳಿ, ಕುಣಿಗಲ್ ಬಸ್ಸು ಹತ್ತಿ, ಇಬ್ಬರೂ ನಿಂತೇ ಹೋದರು. ಅವನು ದಾರಿಯುದ್ದಕ್ಕೂ ಜನರ ತಳ್ಳಾಟ ಚೀಲಕ್ಕೆ ತಾಗದಂತೆ ಬೆನ್ನು ಕೊಟ್ಟು ನಿಂತಿದ್ದ.

"ಯಾಕಕ್ಕ ಇಷ್ಟು ಲೇಟು?" ಪ್ರದ್ಯುಮ್ನ ಕಾರಿನ ಬಾಗಿಲು ತೆರೆದು ನಿಂತಿದ್ದ. "ಈಗ ಹೊರಟ್ರೆ ಸರಿಯಾಗಿ ಹೊತ್ತು ಮುಳುಗೋ ಹೊತ್ತಿಗೆ ಸೇರ್ತೀವಿ. ಏನಾಯ್ತು?"

"ಇವರನ್ನೇ ಕೇಳು" ಎಂದಳು ಕೌಸಲ್ಯ.

ಟೈರು ಸಿಡಿದದ್ದು, ತಾನೊಬ್ಬನೇ ಬಸ್ಸನ್ನು ಹೆಗಲ ಮೇಲೆ ಎತ್ತಿದ್ದು, ಎಲ್ಲವೂ ಶಿವಮೂರ್ತಿಯ ನಾಲಗೆಯ ತುದಿಗೆ ಬಂದು ನಿಂತಿತ್ತು. ಅವನು ಚೀಲವನ್ನು ನೋಡಿದ.

"ಟವೆಲ್ ಎಸೆದು ಸೀಟ್ ಹಿಡಿಯೋದು ನಂಗೆ ಬರಲ್ಲ ಸಾರ್. ಒಂದ್ಸಲಾನೂ ಹಿಡಿದಿಲ್ಲ. ಸ್ಕೂಟರಲ್ಲಿ ಓಡಾಡೋನು, ಬಸ್ ಹತ್ತಿದ್ರೆ ನಿಂತ್ಕೊಂಡೇ ಬರೋನು. ಅಮ್ಮಾವ್ರು ನೋಡ್ತಿದ್ರಲ್ಲ, ಅದಕ್ಕೇ ಕಣ್ ಮುಚ್ಚಿ ಎಸೆದ್ಬಿಟ್ಟೆ. ಬೋರ್ಡ್ ನೋಡ್ಲಿಲ್ಲ. ಚೀಲದಲ್ಲಿ ಏನೈತೆ ಅಂತ ಕೇಳ್ಲೂ ಇಲ್ಲ."