ಪೆಟ್ಟಿಗೆ ಸಿಗದ ಕೂಸು

ಬಾಣಂತಿ ಕೋಣೆಗೆ ಕೆಂಡ ಬೇಕು ಎಂಬುದು ಅರಬೈಲಿನ ಸುಬ್ಬಿಗೆ ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ. ಸೊಸೆ ಮಮತಾ ದಿನ ತುಂಬುವ ಮೊದಲೇ ಹೆತ್ತಳು, ಅಂಗೈಯಗಲದ ಹೆಣ್ಣು ಕೂಸು ತಣ್ಣಗಾಗುತ್ತಿದೆ ಎಂದು ಕೇಳಿದ್ದೇ ತಡ, ಆಕೆ ಶಿರಸಿಯ ಆಸ್ಪತ್ರೆಯೆದುರಿನ ಹೋಟೆಲಿನ ಒಲೆಯಿಂದ ಮಣ್ಣಿನ ಚಟ್ಟಿಗೆ ಕೆಂಡ ತುಂಬಿಸಿಕೊಂಡು, ಮೇಲೆ ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಸೀದಾ ವಾರ್ಡಿಗೇ ನುಗ್ಗಿದಳು. ಹೊಗೆಗೆ ಬಾಣಂತಿಯರೆಲ್ಲ ಕೆಮ್ಮಿದರು. ನರ್ಸ್ ಪ್ರತಿಭಾ ಚಟ್ಟಿ ಕಸಿದು ಹೊರಗಿಟ್ಟು ಬಂದಳು.

ದಿನ ತುಂಬದ ಕೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಬಿಸಿ ಪೆಟ್ಟಿಗೆಗಳೆಲ್ಲ ಇನ್ನೂ ಕಷ್ಟದಲ್ಲಿದ್ದ ಕೂಸುಗಳಿಗೆ ಹೋಗಿದ್ದವು. ಮಮತಾಳಿಗೆ ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರ. ಅಂಥ ಹೊತ್ತಿನಲ್ಲಿ, ಪರದೇಶದ ನೆರವಿನ ಯೋಜನೆಯಲ್ಲಿ ಇಲ್ಲಿಯ ನರ್ಸುಗಳಿಗೆ ಕಲಿಸಲೆಂದು ಕೊಲಂಬಿಯಾದಿಂದ ಬಂದಿದ್ದ ಲೂಸಿಯಾ ಎಂಬ ನರ್ಸ್ ಸುಬ್ಬಿಯ ಮುಂದೆ ನಿಂತು, ಕೂಸನ್ನು ನಿನ್ನ ಬರಿಯೆದೆಗೆ ಕಟ್ಟಿಕೋ, ಮೈಯ ಬಿಸಿಗೆ ಅದು ಬೆಚ್ಚಗಾಗುತ್ತದೆ ಎಂದಳು. ಪ್ರತಿಭಾ ಅದನ್ನು ಕನ್ನಡದಲ್ಲಿ ಹೇಳಿದಳು.

ಸುಬ್ಬಿಗೆ ಪಿತ್ತ ನೆತ್ತಿಗೇರಿತು. ಕೆಂಡ ಬೇಡವಂತೆ, ಪೆಟ್ಟಿಗೆ ಇಲ್ಲವಂತೆ! ವಿಮಾನ ಹತ್ತಿ ಬಂದವಳು ಹೇಳುವ ಮಾತೇ ಇದು?

"ಅವ್ಳ ಊರಿನ ಮಕ್ಳಿಗೆ ಪೆಟ್ಟಿಗೆ, ನಮ್ಮ ಮಕ್ಳಿಗೆ ಮುದುಕಿ ಎದೆಯಾ? ಕೇಳು ಅವ್ಳ ಹತ್ರ."

ಪ್ರತಿಭಾ ಹಿಂಜರಿದಳು, ಸುಬ್ಬಿ ಬಿಡಲಿಲ್ಲ. ಕೇಳಿದ ಮೇಲೆ ಲೂಸಿಯಾ ಸಿಟ್ಟಾಗಲಿಲ್ಲ. ತಮ್ಮಲ್ಲೂ ಹಿಂದೆ ಪೆಟ್ಟಿಗೆ ಸಾಲದೆ ಒಂದರಲ್ಲೇ ಎರಡು ಮೂರು ಕೂಸು ಮಲಗಿಸುತ್ತಿದ್ದರು, ಆಗಲೇ ಅಲ್ಲಿಯ ಡಾಕ್ಟರುಗಳು ಈ ದಾರಿ ಹಿಡಿದದ್ದು, ಈಗ ಶ್ರೀಮಂತ ದೇಶದವರೂ ಇದನ್ನೇ ಮಾಡುತ್ತಾರೆ ಎಂದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಇನ್ನೊಂದು ಮಾತು ಸೇರಿಸಿದಳು.

"ಅವ್ರೂ ಏಳು ತಿಂಗ್ಳಿಗೇ ಹುಟ್ಟಿದ್ರಂತೆ ಅಮ್ಮಾ," ಎಂದಳು ಪ್ರತಿಭಾ. "ಅವ್ರ ಅಜ್ಜಿನೇ ಹೀಂಗೆ ಕಟ್ಕೊಂಡು ಉಳಿಸಿದ್ದಂತೆ."

ಸುಬ್ಬಿ ಆ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಗಟ್ಟಿಮುಟ್ಟು ಆಳು. ಆಮೇಲೆ ಪರದೆಯ ಹಿಂದೆ ಹೋಗಿ ರವಿಕೆ ಬಿಚ್ಚಿದಳು.

ಕೂಸು ಕಪ್ಪೆಮರಿಯ ಹಾಗೆ ತಣ್ಣಗಿತ್ತು. ಸುಬ್ಬಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಳು. ಜೋರಾಗಿ ಉಸಿರಾಡಿದರೂ ಎಲ್ಲಿ ಏನಾಗುವುದೋ ಎಂಬ ಹೆದರಿಕೆ. ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು; ಹಾಳು ಮೂಗು ಎಂದು ಬೈದುಕೊಂಡಳೇ ಹೊರತು ಕೂಸಿನ ಮೇಲಿಂದ ಕೈ ತೆಗೆಯಲಿಲ್ಲ. ಮಧ್ಯಾಹ್ನ ದಾಟುವಾಗ ಅದರ ನೀಲಿ ಪಾದಗಳಿಗೆ ಬಣ್ಣ ಬಂತು. ಸಂಜೆ ಡಾಕ್ಟರು ಬಂದು ನೋಡಿ, ಮೈ ಬೆಚ್ಚಗಾಗಿದೆ, ಉಸಿರೂ ಸರಿಯಾಗಿದೆ, ಮಮತಾಳ ಜ್ವರವೂ ಇಳಿಯುತ್ತಿದೆ, ಇನ್ನು ಹೆದರಬೇಡಿ ಎಂದರು. ಅಷ್ಟರಲ್ಲಿ ಕೂಸು ಬಾಯಿ ಚಪ್ಪರಿಸುತ್ತ ಸುಬ್ಬಿಯ ಎದೆಯಲ್ಲೇ ಹಾಲು ಹುಡುಕತೊಡಗಿತು.

"ಅಲ್ಲಿ ಎಂತದೂ ಇಲ್ಲ ಮಾರಾಯ್ತಿ," ಎಂದಳು ಸುಬ್ಬಿ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾರು ನೋಡಿದರೇನು ಎಂದು ಅತ್ತೇಬಿಟ್ಟಳು. ಎದೆಯ ಮೇಲೆ ಕೂತಿದ್ದ ಭಾರವೆಲ್ಲ ಇಳಿದು, ಈ ಚೂರು ಕೂಸಿನ ಭಾರವೊಂದೇ ಉಳಿಯಿತು.

ಅಷ್ಟು ಹೊತ್ತೂ ಹುಟ್ಟಿದ ಸುದ್ದಿ ಅರಬೈಲಿಗೆ ಹೋಗಿರಲಿಲ್ಲ, ಆಕೆಯೇ ತಡೆದಿದ್ದಳು. ಹುಟ್ಟಿತು ಎಂದ ಬಾಯಲ್ಲೇ ಮರುದಿನ ಇನ್ನೊಂದು ಸುದ್ದಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಈಗ ಬಾಗಿಲಲ್ಲಿ ನಿಂತಿದ್ದ ಮಗನನ್ನು, ಮಮತಾಳ ಗಂಡ ಉಲ್ಲಾಸನನ್ನು, ಹತ್ತಿರ ಕರೆದಳು.

"ಊರಿಗೆ ಫೋನ್ ಮಾಡು," ಎಂದಳು. "ನಂಗೆ ಮೊಮ್ಮಗಳು ಹುಟ್ಟಿದ್ಳು ಅಂತ ಹೇಳು."