ಅಂಜಿನಕ್ಕ ಕಟ್ಟಿದ ಮುತ್ತು

"ಪ್ಲಾಸ್ಟಿಕ್ ಮಣಿ ಕಟ್ಟಿದ್ದೆ ಅಂತ ಒಂದು ಮಾತು ಹೇಳ್ರಿ ಅಂಜಿನಕ್ಕ. ಕಟ್ಟುವಾಗ ದೇವಿ ಹೆಸರು ತಗಂಡಿಲ್ಲ ಅನ್ರಿ. ಅಷ್ಟ ಸಾಕು." ಅರುಣಕುಮಾರ್ ಹೀಗೆ ಹೇಳುತ್ತಿದ್ದುದು ಮೂರನೇ ಸಲ.

ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದ ಅಂಜಿನಕ್ಕ ತಲೆ ಎತ್ತಲಿಲ್ಲ. ಹರಪನಹಳ್ಳಿ ಸೀಮೆಯ ಅರಸೀಕೆರೆಯ ಸುತ್ತಮುತ್ತ ದೇವರಿಗೆ ಬಿಟ್ಟ ಹುಡುಗಿಯರ ಕೊರಳಿಗೆ ಕೆಂಪು-ಬಿಳಿ ಮಣಿಗಳ ಮುತ್ತು ಕಟ್ಟುತ್ತ ಮುದಿಯಾದ ಕೈ ಅವಳದು.

"ಹೆಂಗೈತೋ ಹಂಗ ಕಟ್ಟು ಅಂದೋರು ನೀವ ಅಲ್ಲೇನ್ರಿ ಮೇಷ್ಟ್ರ? ಹಂಗ ಕಟ್ಟೀನಿ. ನನ್ನ ಕೈಗೆ ಇನ್ನೊಂದು ನಮೂನಿ ಬರಾಂಗಿಲ್ಲ."

ಹೌದು, ಅವನೇ ಅಂದಿದ್ದ. ಸಾಕ್ಷರತಾ ಆಂದೋಲನಕ್ಕೆಂದು ಈ ದೇವದಾಸಿ ಪದ್ಧತಿಯ ವಿರುದ್ಧ ಬೀದಿನಾಟಕ ಬರೆದಿದ್ದ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನಿಗೆ ಹುಸಿ ಸಾಮಾನು ಸರಿಬರಲಿಲ್ಲ. ಹರಪನಹಳ್ಳಿಯಿಂದ ತಂದ ಪ್ಲಾಸ್ಟಿಕ್ ಸರವನ್ನು ತಾಲೀಮಿನ ದಿನವೇ ತೆಗೆದಿಟ್ಟು, ಅಂಜಿನಕ್ಕನನ್ನೇ ಅವಳ ಮುತ್ತಿನ ಸಮೇತ ಕರೆತಂದ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದ ಹತ್ತೊಂಬತ್ತರ ವಾಣಿಶ್ರೀಗೆ ಮುತ್ತು ಕಟ್ಟಿಸಿಕೊಳ್ಳುವ ಹುಡುಗಿಯ ಪಾತ್ರ. ಕೊನೆಯಲ್ಲಿ ಅವಳು ಸರ ಹರಿದು ಎಸೆದಾಗ ಮಂದಿಯೆಲ್ಲ ಎರಡು ಹೆಜ್ಜೆ ಹಿಂದೆ ಸರಿದಿದ್ದರು. 'ಪರಿಣಾಮ: ತೀವ್ರ' ಎಂದು ವರದಿಯಲ್ಲಿ ಬರೆದ. ಉರುಳಿದ ಮಣಿಗಳನ್ನು ಯಾರೂ ಮುಟ್ಟಲಿಲ್ಲವೆಂಬುದನ್ನು ಬರೆಯಲಿಲ್ಲ.

ತಿಂಗಳೊಳಗೆ, ವಾಣಿಶ್ರೀಯ ಮದುವೆ ಗೊತ್ತಾಗಿದ್ದ ತೆಲಿಗಿಯ ಬೀಗರು ಹೇಳಿಕಳಿಸಿದರು. ಮುತ್ತು ಕಟ್ಟಿದ ಹುಡುಗಿ ಬೇಡ. ಕಟ್ಟಿದ್ದು ಸುಳ್ಳಾಗಿದ್ದರೆ ಕಟ್ಟಿದವಳೇ ಬಾಯಿಬಿಟ್ಟು ಹೇಳಲಿ. ಇವತ್ತು ನಾಲ್ಕರ ಬಸ್ಸಿಗೆ ಬರುವವರಿದ್ದರು.

"ಆ ಪಾತ್ರಕ್ಕ ನಿಮ್ಮ ತಂಗೀನ ಕರ್ಕಂಡು ಬರಬೇಕಿತ್ತು ಮೇಷ್ಟ್ರ," ಎಂದ ಹೊರಗಿನ ಕಟ್ಟೆಯಿಂದ ವಾಣಿಶ್ರೀಯ ಅಪ್ಪ ಗಾದೆಪ್ಪ. "ಚಲೋ ಮಾಡ್ತಿದ್ಲು."

ಬಾಗಿಲಲ್ಲಿ ನಿಂತಿದ್ದ ವಾಣಿಶ್ರೀ ಕೊರಳ ಸುತ್ತ ಸೆರಗು ಬಿಗಿದುಕೊಂಡಿದ್ದಳು. "ನಿನ್ನ ಕಾಲಿಗೆ ಬೀಳ್ತೀನಿ ಅಂಜಿನಕ್ಕ. ಹೇಳಿಬಿಡು."

ಅಂಜಿನಕ್ಕ ಮೊರ ಕೆಳಗಿಟ್ಟಳು. ಗೂಡಿನಿಂದ ಬಿದಿರಿನ ಬುಟ್ಟಿ ತೆಗೆದು ಅವರ ನಡುವೆ ಇಟ್ಟಳು. ಒಳಗೆ ಹೊಸ ದಾರದ ಮೂರು ಸರಗಳಿದ್ದವು.

"ಭಾರತ ಹುಣ್ಣಿಮಿಗೆ ಬಿಡೋ ಹುಡುಗ್ಯಾರಿಗೆ ಅಂತ ಪೋಣಿಸಿದ್ದೆ. ನಾಟಕ ಆದ ವಾರದಾಗ ಮೂವರು ತಾಯಂದಿರೂ ಬಂದು ಬ್ಯಾಡ ಅಂದ್ರು. ಖರೇ ಮುತ್ತು ಹರಿದಾಕಿಗೆ ಕಣ್ಣು ಹೋಗ್ಲಿಲ್ಲ, ಮೈಮ್ಯಾಲೆ ಒಂದು ಗುಳ್ಳಿ ಏಳಲಿಲ್ಲ, ನಮ್ಮ ಮಕ್ಳನ್ನ ಯಾಕ ಬಿಡಬೇಕು ಅಂದ್ರು." ಅವಳು ಒಂದು ಸರ ಎತ್ತಿ ಮತ್ತೆ ಇಟ್ಟಳು. "ಸುಳ್ಳು ಅಂತ ಹೇಳ್ತೀನಿ, ನನಗೇನು? ಸಂಜಿಗೆ ಊರಿಗೆಲ್ಲ ಗೊತ್ತಾಕ್ಕತಿ. ಆ ತಾಯಂದಿರು ಮತ್ತ ಅಂಜಿ ತಿರುಗಿ ಬರ್ತಾರ. ಹುಣ್ಣಿಮಿಗೆ ಇವನ್ನ ಕಟ್ಟಬೇಕಾಕ್ಕತಿ. ನನ್ನ ಹೊಟ್ಟಿಪಾಡು ಅದ."

ಅರುಣಕುಮಾರ್ ಬುಟ್ಟಿಯನ್ನು ನೋಡಿದ. "ಅದನ್ನ... ಆಮೇಲೆ ನೋಡೋಣ," ಎಂದ. ತನ್ನ ದನಿ ತನಗೇ ಕೇಳಿಸಿ ತಲೆ ತಗ್ಗಿಸಿದ.

"ಯಾರ್ಯಾರ ಮಕ್ಳು?" ವಾಣಿಶ್ರೀ ಕೇಳಿದಳು.

"ಊರ ಅಗಸಿ ಬಾಗ್ಲ ಕಡೆ ಜೋಗಮ್ಮನ ಸಣ್ಣಾಕಿ ಒಬ್ಬಾಕಿ. ಜೋಗಮ್ಮಗ ಸಹಿ ಮಾಡಾಕ ಕಲಿಸಿದಾಕಿ ನೀನ ಅಲ್ಲೇನು?"

"ಆಕಿಗೆ ಇನ್ನೂ ಹಾಲಹಲ್ಲು ಬಿದ್ದಿಲ್ಲ."

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. "ಬಂದ್ರು," ಎಂದು ಗಾದೆಪ್ಪ ಎದ್ದ.

ವಾಣಿಶ್ರೀ ಅಂಜಿನಕ್ಕನತ್ತ ತಿರುಗಿದಳು. "ಖರೇನ ಹೇಳು, ಅಂಜಿನಕ್ಕ."

"ವಾಣಿಶ್ರೀ, ಒಂದು ನಿಮಿಷ..." ಎಂದ ಅರುಣಕುಮಾರ್. ಅವಳು ಅವನತ್ತ ತಿರುಗಲಿಲ್ಲ. ಕೊರಳಿನ ಸೆರಗು ಬಿಚ್ಚಿ, ಜಡೆಯನ್ನು ಮೇಲೆತ್ತಿ ಗಂಟು ಹಾಕಿದಳು. ಅವತ್ತು ಸರ ಹರಿಯುವಾಗ ದಾರ ಕೊಯ್ದ ಗೆರೆ ಕತ್ತಿನ ಹಿಂದೆ ಇನ್ನೂ ಕಪ್ಪಗಿತ್ತು.

ಅವಳು ಬಸ್ಸಿನ ಕಡೆ ನಡೆದಳು. ಗಾದೆಪ್ಪ ಹೆಗಲ ಟವೆಲ್ ತೆಗೆದು ಆ ಗೆರೆಯ ಮೇಲೆ ಹೊದಿಸುತ್ತ, ಅದು ಜಾರಿದಂತೆಲ್ಲ ಮತ್ತೆ ಹೊದಿಸುತ್ತ, ಅವಳ ಹಿಂದೆಯೇ ಹೆಜ್ಜೆ ಹಾಕಿದ.