ಓಟ್ಲು

ಫ್ರೆಂಚ್ ತಗೋತೀನಿ ಅಂತ ಎಂಟನೇ ಕ್ಲಾಸಿನ ಗಗನ ಫಾರಂ ಹಿಡಿದು ಹೋದಾಗ ಫ್ರೆಂಚ್ ಕಲಿಸುವ ವೇದವತಿ ಮಿಸ್ ನಕ್ಕುಬಿಟ್ಟರು. "ಹೇಗೆ ಅನ್ನೋಕೆ ಎಂಗೆ ಅಂತೀಯ. ಹಕಾರಕ್ಕೇ ನಾಲಿಗೆ ಹೊರಳಲ್ಲ, ನಿನಗೆ ಫ್ರೆಂಚ್ ಬೇಕೇನಮ್ಮ?" ಸ್ಟಾಫ್‌ರೂಮೆಲ್ಲ ನಕ್ಕಿತು. ನಗುವವರು ನಗಲಿ ಅಂತ ಗಗನ ಫಾರಂ ಮೇಜಿನ ಮೇಲೆ ಕುಕ್ಕಿ ಬಂದಳು.

ಮೊದಲ ಪಾಠದ ದಿನ ಮಿಸ್ ಬೋರ್ಡಿನ ಮೇಲೆ hôtel ಅಂತ ಬರೆದು ಓದಿಸಿದರು. "ಹೋಟೆಲ್" ಅಂದಳು ಸಮನ್ವಿತಾ. ತಪ್ಪು. ವಿಶ್ರುತ್ ಗಂಟಲು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ "ಹ್ಹೋಟೆಲ್" ಅಂದ. ಅದೂ ತಪ್ಪು.

"ಫ್ರೆಂಚರು ಹಕಾರ ಉಚ್ಚರಿಸೋದೇ ಇಲ್ಲ ಕಣ್ರೋ" ಅಂತ ಮಿಸ್ ಅಂದಿದ್ದೇ ತಡ, ಗಗನ ಎದ್ದು ನಿಂತಳು.

"ಓಟೆಲ್."

ಮಿಸ್ ಹುಬ್ಬೇರಿಸಿದರು. "ಸರಿಯಾಗಿದೆ! ಯಾರು ಹೇಳಿಕೊಟ್ಟರು?"

"ನಮ್ಮಜ್ಜಿ ಕೆಂಚಮ್ಮ. ಶ್ರೀರಾಂಪುರದಲ್ಲಿ ಓಟ್ಲು ನಡೆಸ್ತಾರೆ. ಓಟ್ಲು ಅಂತಾನೇ ಅನ್ನೋದು."

ಕ್ಲಾಸು ಗೊಳ್ಳೆಂದಿತು. ಕೂತ್ಕೋ ಅಂತ ಮಿಸ್ ಕೈ ಮಾಡಿದರು. ಗಗನ ಕೂರಲಿಲ್ಲ. ನಗು ಪೂರ್ತಿ ಅಡಗುವವರೆಗೆ ಕಾದು, ಒಂದೊಂದೇ ಮಾತು ಬಿಡಿಸಿ ಕೇಳಿದಳು:

"ನಮ್ಮಜ್ಜಿ ಬಾಯಲ್ಲಿ ತಪ್ಪಾಗಿದ್ದು ಪ್ಯಾರಿಸ್‌ನೋರ ಬಾಯಲ್ಲಿ ಎಂಗೆ ಸರಿಯಾಯ್ತು, ಮಿಸ್?"